ದೊಡ್ಡಮ್ಮನ ಬಚ್ಚಲಕಟ್ಟೆ

ಎರಡು ಕಾಲುಗಳೂ ಹೇಳಿದ ಮಾತು ಕೇಳುವ ತನಕ ಸ್ನಾನವೂ ಒಂದು ಕೆಲಸ ಎಂದು ಯಾರಿಗೂ ಅನ್ನಿಸುವುದಿಲ್ಲ. ಹಂಡೆಯಲ್ಲಿ ನೀರು ಕಾದಿರುತ್ತದೆ, ಬಾಗಿಲು ದೂಡಿ ಒಳಗೆ ಹೋಗುತ್ತೇವೆ, ಮಣೆಯ ಮೇಲೆ ಕುಕ್ಕರಿಸುತ್ತೇವೆ, ನಾಲ್ಕು ಚೆಂಬು ಸುರಿದುಕೊಂಡು, ಅರ್ಧ ಮೈ ಒರೆಸಿ, ಇನ್ನರ್ಧ ಒದ್ದೆಯಲ್ಲೇ ಬಂದು ಊಟಕ್ಕೆ ಕೂರುತ್ತೇವೆ. ಈ ನಡುವೆ ಎಷ್ಟು ಸಲ ಬಗ್ಗಿದೆವು, ಎಷ್ಟು ಸಲ ತಿರುಗಿದೆವು, ಏಳುವಾಗ ಯಾವ ಕೈಯನ್ನು ಎಲ್ಲಿ ಊರಿದೆವು ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ. ನನ್ನಲ್ಲೂ ಇರಲಿಲ್ಲ. ಉತ್ತರ ಗೊತ್ತಿಲ್ಲದಿದ್ದರೂ ಗೊತ್ತಿದ್ದವನ ಹಾಗೆ ನಡೆದುಕೊಂಡದ್ದು ನನ್ನ ತಪ್ಪು. ಅದನ್ನು ಇಷ್ಟು ವರ್ಷಗಳ ಮೇಲಾದರೂ ಒಪ್ಪಿಕೊಂಡುಬಿಡೋಣ ಎಂದು ಬರೆಯಲು ಕೂತಿದ್ದೇನೆ.

ಅರವತ್ತರ ದಶಕದ ಮೊದಲ ವರ್ಷಗಳು. ಆಗ ನಾನು ಪುತ್ತೂರು ಬಳಿಯ ಸವಣೂರಿನ ಶಾಲೆಯೊಂದರಲ್ಲಿ ಕೈಕೆಲಸದ ಮಾಷ್ಟ್ರು. ತಕಲಿಯಲ್ಲಿ ನೂಲುವುದು, ಬೆತ್ತದ ಬುಟ್ಟಿ ಹೆಣೆಯುವುದು, ಹಲಗೆಗೆ ಗೂಟ ಹೊಡೆದು ಅಂಗಿ ತೂಗಿಸುವ ಸ್ಟ್ಯಾಂಡು ಮಾಡುವುದು, ಇವೆಲ್ಲ ನನ್ನ ಪಾಠಗಳು. ನಾನು ಮಾಡಿದ ಸಾಮಾನುಗಳೆಲ್ಲ ಗೋಡೆಗೆ ತೂಗುವಂಥವು. ಅವುಗಳ ಮೇಲೆ ಯಾರೂ ಕೂತು ನೋಡಿರಲಿಲ್ಲ. ಹಾಗಾಗಿ ಊರಿನಲ್ಲಿ ನನಗೆ ಒಳ್ಳೆಯ ಹೆಸರೇ ಇತ್ತು. ಪೇಟೆಯ ಬದಿಯಲ್ಲಿ ಒಂದು ಹಂಚಿನ ಬಾಡಿಗೆ ಮನೆ. ಮನೆಯಲ್ಲಿ ನಾನು, ನನ್ನ ಹೆಂಡತಿ ದೇವಕಿ, ಮತ್ತೆ ನನ್ನ ದೊಡ್ಡಮ್ಮ. ನಾವು ಮೂಲದಲ್ಲಿ ಸುಳ್ಯ ಕಡೆಯವರು, ನಾನು ಮಗುವಾಗಿದ್ದಾಗಲೇ ಸವಣೂರಿಗೆ ಬಂದವರು, ಮನೆಯೊಳಗೆ ಆಡುತ್ತಿದ್ದದ್ದು ಅರೆಭಾಷೆ. ಆದರೆ ದೊಡ್ಡಮ್ಮ ಸವಣೂರಿನಲ್ಲಿ ಹತ್ತಾರು ಮನೆಗಳಿಗೆ ಹೋಗಿ ಬಂದು, ಎಲ್ಲರಿಗೂ ಅರ್ಥವಾಗುವ ಊರಿನ ಕನ್ನಡವನ್ನೇ ಹೆಚ್ಚು ಆಡುತ್ತಿದ್ದಳು. ನಾನೂ ಇಲ್ಲಿ ಹಾಗೆಯೇ ಬರೆಯುತ್ತೇನೆ.

ಹತ್ತಾರು ಮನೆಗಳಿಗೆ ಅವಳು ಯಾಕೆ ಹೋಗುತ್ತಿದ್ದಳು ಎಂದು ಹೇಳಬೇಕು. ದೊಡ್ಡಮ್ಮನ ಹೆಸರು ಪೂವಮ್ಮ. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡರು, ಮಕ್ಕಳಿರಲಿಲ್ಲ. ನನ್ನ ತಾಯಿ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಬಾಣಂತಿಯನ್ನೂ ಮಗುವನ್ನೂ ಮೀಯಿಸುವುದರಲ್ಲಿ ಅವಳನ್ನು ಮೀರಿಸುವವರು ಆ ಸುತ್ತಿನಲ್ಲಿ ಇರಲಿಲ್ಲ. ಯಾರ ಮನೆಯಲ್ಲಿ ಹೆರಿಗೆಯಾದರೂ ಮರುದಿನ ಬೆಳಿಗ್ಗೆ ಕರೆ ಬರುತ್ತಿತ್ತು. ಎಣ್ಣೆಯ ಕುಪ್ಪಿ, ಸೊಪ್ಪಿನ ಕಟ್ಟು ಹಿಡಿದು ಹೊರಡುತ್ತಿದ್ದಳು. ಹಂಡೆಯ ನೀರಿಗೆ ಮೊಣಕೈ ಅದ್ದಿ ಬಿಸಿ ನೋಡಿ, ‘ಇನ್ನೊಂದು ಕೊಡಪಾನ ತಣ್ಣೀರು’ ಎಂದರೆ ಒಂದೇ ಕೊಡಪಾನ. ಅರ್ಧವೂ ಹೆಚ್ಚಲ್ಲ, ಕಡಿಮೆಯೂ ಅಲ್ಲ. ಎಷ್ಟು ಹಟದ ಮಗುವಾದರೂ ಅವಳ ನೀಡಿದ ಕಾಲುಗಳ ಮೇಲೆ ಮಲಗಿಸಿದರೆ ಎರಡನೇ ಚೆಂಬಿಗೆ ಅಳು ನಿಲ್ಲಿಸುತ್ತಿತ್ತು. ಸವಣೂರಿನ ಪೇಟೆಯಲ್ಲಿ ಮೀಸೆ ತಿರುವಿಕೊಂಡು ನಡೆಯುವ ಎಷ್ಟೋ ಗಂಡಸರನ್ನು ತೋರಿಸಿ, ‘ಇವನಾ, ಇವ ನೀರು ಕಂಡರೆ ಬೆಕ್ಕಿನ ಹಾಗೆ ಕೂಗ್ತಿದ್ದ’ ಎನ್ನುವ ಹಕ್ಕು ಆ ಊರಿನಲ್ಲಿ ಅವಳೊಬ್ಬಳಿಗೇ ಇತ್ತು.

ಹಾಗೆ ಒಂದು ಬೆಳಿಗ್ಗೆ ಬಾಣಂತಿಯನ್ನು ಮೀಯಿಸಿ ಬರುವಾಗ, ಇಳಿಯುವ ಮೆಟ್ಟಿಲಕಲ್ಲಿನಲ್ಲಿ ಜಾರಿ ಬಿದ್ದಳು. ತೊಡೆಯ ಎಲುಬು ಮುರಿಯಿತು. ಪುತ್ತೂರಿಗೆ ಕರೆದುಕೊಂಡು ಹೋಗಿ, ತಿಂಗಳುಗಟ್ಟಲೆ ಮಲಗಿಸಿ, ಎಲುಬೇನೋ ಕೂಡಿತು. ಆದರೆ ಬಲಗಾಲಿನ ಮಂಡಿ ಮಡಚುವುದನ್ನು ಮರೆತೇ ಬಿಟ್ಟಿತು. ಕೋಲು ಹಿಡಿದು ಕೋಣೆಯಿಂದ ಜಗಲಿಗೆ, ಜಗಲಿಯಿಂದ ಕೋಣೆಗೆ ಬರಬಹುದು. ನೆಲದ ಮೇಲೆ ಕೂರುವ ಹಾಗಿಲ್ಲ, ಕೂತರೆ ಏಳುವ ಹಾಗಿಲ್ಲ. ಮನೆಗೆ ಕಳಿಸುವಾಗ ಡಾಕ್ಟರು ನನ್ನನ್ನು ಬದಿಗೆ ಕರೆದು, ‘ಬಚ್ಚಲಿಗೆ ಒಬ್ಬರನ್ನೇ ಬಿಡಬೇಡಿ. ಇನ್ನೊಮ್ಮೆ ಬಿದ್ದರೆ ಈ ಎಲುಬು ಕೂಡುವುದು ಕಷ್ಟ’ ಎಂದರು. ಅವರು ಮೆಲ್ಲನೆ ಹೇಳಿದ್ದರು. ದೊಡ್ಡಮ್ಮನ ಕಿವಿಗೆ ಮೆಲ್ಲನೆ ಹೇಳಿದ್ದೇ ಬೇಗ ಕೇಳುತ್ತಿತ್ತು.

ದೇವಕಿ ಪ್ರತಿ ದಿನ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ, ಮಂಚದ ಮೇಲೆಯೇ ಅವಳ ಮೈ ಒರೆಸುತ್ತಿದ್ದಳು. ಪ್ರೀತಿಯಿಂದಲೇ ಒರೆಸುತ್ತಿದ್ದಳು. ದೊಡ್ಡಮ್ಮ ಮೊದಮೊದಲು ಕಣ್ಣು ಮುಚ್ಚಿ ಸಹಿಸಿಕೊಂಡಳು. ಆಮೇಲೆ ಒಂದು ದಿನ, ‘ದೇವಕಿ, ಇದಕ್ಕೆ ಮೀಯುದು ಅಂತ ಹೇಳುದಿಲ್ಲ ಮಾರಾಯ್ತಿ. ಇದು ಒರೆಸುದು. ನಾನೆಂತ ಅಡಿಗೆಮನೆಯ ಹಲಗೆಯಾ?’ ಎಂದಳು. ಮತ್ತೊಂದು ದಿನ ಬಟ್ಟೆಯನ್ನು ಕಿತ್ತುಕೊಂಡು ಮೂಲೆಗೆ ಎಸೆದಳು. ಊರಿಗೆ ಊರನ್ನೇ ಮೀಯಿಸಿದವಳು. ಅವಳ ಮೈಗೆ ಏಳೆಂಟು ತಿಂಗಳಿನಿಂದ ಒಂದು ಚೆಂಬು ನೀರು ಬಿದ್ದಿರಲಿಲ್ಲ. ಬಂದವರೊಡನೆ ಮಾತು ಕಡಿಮೆಯಾಯಿತು. ಯಾರಾದರೂ ಮಗುವನ್ನು ತೋರಿಸಲು ತಂದರೆ, ‘ನನ್ನ ಹತ್ರ ಬೇಡ, ನಾತ ಉಂಟು’ ಎಂದು ಮುಖ ತಿರುಗಿಸುತ್ತಿದ್ದಳು. ನಾತವೇನೂ ಇರಲಿಲ್ಲ. ಅದನ್ನು ಹೇಳಿದರೆ ಅವಳಿಗೆ ಇನ್ನೂ ಸಿಟ್ಟು ಬರುತ್ತಿತ್ತು.

ಒಂದು ಆದಿತ್ಯವಾರ ದೇವಕಿ ತರಕಾರಿಗೆ ಹೋಗಿದ್ದಾಗ ನಾನು ಜಗಲಿಯಲ್ಲಿ ಕೂತು ಪೇಪರು ಓದುತ್ತಿದ್ದೆ. ಹಿಂದಿನಿಂದ ಏನೋ ಉಜ್ಜುವ ಸದ್ದು ಕೇಳಿತು. ಹೋಗಿ ನೋಡಿದರೆ ದೊಡ್ಡಮ್ಮ ಹೆಗಲಿಗೆ ಮೈ ಒರೆಸುವ ಬೈರಾಸು ಹಾಕಿಕೊಂಡು, ಗೋಡೆಗೆ ಮೈ ಒರಗಿಸಿ, ಅಂಗುಲ ಅಂಗುಲವಾಗಿ ಬಚ್ಚಲಿನ ಕಡೆಗೆ ಜಾರುತ್ತಿದ್ದಳು. ಬಚ್ಚಲಿನ ಹೊಸ್ತಿಲಿಗೆ ಇನ್ನು ಎರಡು ಮಾರು. ಒಳಗೆ ವರ್ಷಗಟ್ಟಲೆ ನೀರು ಬಿದ್ದು ನುಣುಪಾದ ಚಪ್ಪಡಿ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನಾನು ಓಡಿಹೋಗಿ ಅವಳನ್ನು ಹಿಡಿದುಕೊಂಡೆ.

‘ಬಿಡು ನನ್ನನ್ನು.’

‘ಬಿದ್ದರೆ ಎಂತ ಮಾಡುದು ದೊಡ್ಡಮ್ಮ?’

‘ಬಿದ್ದರೆ ಮಿಂದು ಬೀಳ್ತೇನೆ. ಮೀಯದೆ ಮಲಗುದಕ್ಕಿಂತ ಅದು ಆಗ್ಬಹುದು.’

ಅವಳ ಕಣ್ಣಿನಲ್ಲಿ ನೀರಿತ್ತು. ನನ್ನನ್ನು ಸಾಕಿದವಳ ಕಣ್ಣಿನಲ್ಲಿ ಅದಕ್ಕೆ ಮೊದಲು ನಾನು ನೀರು ಕಂಡವನಲ್ಲ. ತಾಯಿ ಹೋದ ದಿನ ಕೂಡ ಅವಳು ನನ್ನೆದುರು ಅತ್ತಿರಲಿಲ್ಲ. ಆ ಕ್ಷಣದಲ್ಲಿ ನನ್ನ ಬಾಯಿಂದ ಒಂದು ಮಾತು ಹೊರಟಿತು: ‘ಒಂದು ವಾರ ಸಮಯ ಕೊಡು ದೊಡ್ಡಮ್ಮ. ನೀನು ಒಬ್ಬಳೇ ಕೂತು ಮೀಯುವ ಹಾಗೆ ಒಂದು ಕುರ್ಚಿ ಮಾಡ್ತೇನೆ. ನಾನು ಕೈಕೆಲಸದ ಮಾಷ್ಟ್ರಲ್ವಾ?’ ದೊಡ್ಡಮ್ಮ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಅದನ್ನು ನಾನು ಒಪ್ಪಿಗೆ ಎಂದುಕೊಂಡೆ.

ಒಂದು ವಾರ ನಾನು ಮನುಷ್ಯರೊಡನೆ ಮಾತನಾಡಲಿಲ್ಲ. ಕಾಗದದ ಮೇಲೆ ನಕ್ಷೆ, ಪಕ್ಕದಲ್ಲಿ ಅಳತೆ, ಅಳತೆಯ ಪಕ್ಕದಲ್ಲಿ ಬಾಣದ ಗುರುತು. ಕುರ್ಚಿಯ ಎತ್ತರ ಎಷ್ಟಿರಬೇಕೆಂದು ನಾನೇ ಗೋಡೆಗೆ ಒರಗಿ ನಿಂತು ಗೀಟು ಹಾಕಿಕೊಂಡೆ. ಎರಡು ಕೈಗಳಿಗೂ ಆಸರೆ, ಬೆನ್ನಿಗೆ ಆಸರೆ, ನಾಲ್ಕು ಸಪೂರ ಕಾಲು. ಅಂದ ಕಾಣಲಿ ಎಂದು ಮೂರು ಸಲ ಪಾಲಿಶು ಕೊಟ್ಟೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ನೀರು ಎತ್ತಿ ಸುರಿದುಕೊಳ್ಳುವುದು ಅವಳಿಗೆ ಕಷ್ಟವಾಗಬಹುದೆಂದು ಮಾಡಿನ ಪಕ್ಕಾಸಿನ ಮರಕ್ಕೆ ಬಾವಿಯ ರಾಟೆಯೊಂದನ್ನು ಕಟ್ಟಿ, ಅದರಲ್ಲಿ ಬಾಲ್ದಿ ತೂಗಿಸಿ, ಬಳ್ಳಿ ಎಳೆದರೆ ಬಾಲ್ದಿ ಸ್ವಲ್ಪ ಸ್ವಲ್ಪವೇ ವಾಲುವ ಏರ್ಪಾಡೂ ಮಾಡಿದೆ. ಸ್ವಲ್ಪ ಸ್ವಲ್ಪವೇ ಎಂಬುದು ನಕ್ಷೆಯಲ್ಲಿ ಇತ್ತು.

ದೊಡ್ಡಮ್ಮನನ್ನು ಕೂರಿಸುವ ಮೊದಲು ಒಂದು ಪರೀಕ್ಷೆ ಆಗಬೇಕೆಂದು ದೇವಕಿ ಹಟ ಹಿಡಿದಳು. ಮನುಷ್ಯರ ಬದಲಿಗೆ ಅರ್ಧ ಮೂಟೆ ಬೆಳ್ತಿಗೆ ಅಕ್ಕಿಯನ್ನು ಕುರ್ಚಿಯಲ್ಲಿ ಕೂರಿಸಿದೆವು. ಮೊದಲು ಚಪ್ಪಡಿಯ ಮೇಲೆ ಒಂದು ಚೆಂಬು ಸಾಬೂನು ನೀರು ಚೆಲ್ಲಿ, ನಿಜವಾದ ಸ್ನಾನದ ವಾತಾವರಣ ಮಾಡಿದೆ. ಆಮೇಲೆ ಬಳ್ಳಿ ಎಳೆದೆ. ಬಾಲ್ದಿ ವಾಲಲಿಲ್ಲ, ಪೂರ್ತಿ ಮಗುಚಿತು. ನೀರಿನ ಪೆಟ್ಟಿಗೆ ಮೂಟೆ ಪಾಲಿಶಿನ ಮೇಲೆ ಸರ್ರನೆ ಮುಂದೆ ಜಾರಿತು, ಮೂಟೆ ಜಾರಿದ ರಭಸಕ್ಕೆ ಕುರ್ಚಿ ಹಿಂದೆ ಜಾರಿತು, ನಡುವೆ ಹಿಡಿಯಲು ಹೋದ ನಾನು ಅಕ್ಕಿಯನ್ನು ಅಪ್ಪಿಕೊಂಡು ಮೋರಿಯ ಬಾಯಿಯಲ್ಲಿ ಕೂತೆ. ಬಾಗಿಲಿನ ಹೊರಗೆ ಕೋಲು ಊರಿ ನಿಂತು ನೋಡುತ್ತಿದ್ದ ದೊಡ್ಡಮ್ಮ ಹೇಳಿದಳು:

‘ಅಕ್ಕಿ ಮಿಂದಾಯ್ತು. ಇನ್ನು ಉದ್ದು ನೆನೆಹಾಕು ದೇವಕಿ.’

ಮೂರು ದಿನ ನಮ್ಮ ಮನೆಯಲ್ಲಿ ಮೂರು ಹೊತ್ತೂ ದೋಸೆ. ಆ ಮೂರು ದಿನವೂ ನಾನು ತಲೆ ಎತ್ತಿ ತಿನ್ನಲಿಲ್ಲ. ಆದರೆ ಒಂದು ವಿಷಯ ಹೇಳಬೇಕು: ತಿಂಗಳುಗಳ ಮೇಲೆ ಆ ದಿನ ದೊಡ್ಡಮ್ಮ ನಕ್ಕಿದ್ದಳು. ನಕ್ಕದ್ದು ಮಾತ್ರವಲ್ಲ, ಮರುದಿನ ಬೆಳಿಗ್ಗೆ, ‘ಅವನ ಆ ಕುರ್ಚಿಯನ್ನು ಬಚ್ಚಲಿನ ಬಾಗಿಲ ಹತ್ರ ಒಣ ಜಾಗದಲ್ಲಿ ಇಡಿ. ನಾನು ಕೂತು ಸ್ವಲ್ಪ ನೋಡ್ಬೇಕು’ ಎಂದಳು. ದೇವಕಿ ಉಟ್ಟ ಸೀರೆಯಲ್ಲೇ ಬಚ್ಚಲಿನೊಳಗೆ ಹೋಗಿ ಸುಳ್ಳೇ ಸ್ನಾನ ಮಾಡಿ ತೋರಿಸಬೇಕು. ಒಮ್ಮೆ ಅಲ್ಲ, ಇಡೀ ಬೆಳಿಗ್ಗೆ. ‘ನಿಲ್ಲು. ಈಗ ಎಡಗೈ ಎಲ್ಲಿ ಹೋಯ್ತು? ಗೋಡೆಗಾ? ಸರಿ. ಇನ್ನು ಏಳು. ನೋಡು, ಏಳುವಾಗ ತಿರುಗಿದೆ. ಯಾಕೆ ತಿರುಗಿದೆ?’

‘ಬೈರಾಸು ಆಚೆ ಉಂಟಲ್ಲ ಅತ್ತೆ.’

‘ಹಾಂ! ಅದು.’

ಆ ದಿನ ಮಧ್ಯಾಹ್ನ ಊಟ ಮಾಡುತ್ತಾ ದೊಡ್ಡಮ್ಮ ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ. ‘ಮೀಯುವಾಗ ಯಾರೂ ಬೀಳುದಿಲ್ಲ ಮಗಾ. ಒಳಗೆ ಹೋಗುವಾಗ ಬೀಳ್ತಾರೆ, ಮಿಂದಾದ ಮೇಲೆ ಬೀಳ್ತಾರೆ. ನೀನು ಮೀಯುವ ಕುರ್ಚಿ ಮಾಡಿದ್ದು. ನನಗೆ ಬೇಕಾದ್ದು ಒಳಗೆ ಹೋಗಿ ಹೊರಗೆ ಬರುವ ದಾರಿ.’ ಕೈಕೆಲಸದ ತರಬೇತಿಯಲ್ಲಿ ನನಗೆ ಉಳಿ, ಕೀಸುಳಿ, ಗರಗಸ ಎಲ್ಲ ಕಲಿಸಿದ್ದರು. ಇದನ್ನು ಕಲಿಸಿರಲಿಲ್ಲ. ಮತ್ತೆ ಅವಳೇ, ‘ಕುರ್ಚಿಗೆ ಕಾಲುಂಟು. ಕಾಲಿದ್ದದ್ದು ಯಾವತ್ತಾದರೂ ಜಾರ್ತದೆ. ನನ್ನನ್ನೇ ನೋಡು. ನನಗೆ ಕಾಲಿಲ್ಲದ್ದು ಬೇಕು’ ಎಂದಳು.

ಕಾಲಿಲ್ಲದ್ದು ಎಂದರೆ ಕಟ್ಟೆ. ಕೆಂಪು ಮುರಕಲ್ಲಿನಲ್ಲಿ, ಗೋಡೆಗೆ ತಾಗಿಸಿ, ಬಚ್ಚಲಿನ ಹೊರಗಿನ ಒಣ ಜಾಗದಿಂದ ಶುರುವಾಗಿ, ಬಾಗಿಲನ್ನು ದಾಟಿ, ಒಳಗೆ ನೀರಿನ ಹತ್ತಿರದವರೆಗೆ ಒಂದೇ ಮಟ್ಟದಲ್ಲಿ ಉದ್ದಕ್ಕೆ ಹೋಗುವ ಕಟ್ಟೆ. ಬಾಗಿಲಿನ ಹೊರಗೆ, ಒಣಗಿದ ಕಾಲಿನಲ್ಲಿ, ಒಣಗಿದ ನೆಲದಲ್ಲಿ ನಿಂತು ಅದರ ಮೇಲೆ ಕೂರುವುದು. ಕೂತಲ್ಲಿಂದಲೇ ಸ್ವಲ್ಪ ಸ್ವಲ್ಪ ಸರಿಯುತ್ತಾ ಒಳಗೆ ಹೋಗುವುದು. ಅಲ್ಲಿ ಮೀಯುವುದು. ಮತ್ತೆ ಸರಿಯುತ್ತಾ ಹೊರಗೆ ಬಂದು, ಅಲ್ಲಿಯೇ ಮೈ ಒರೆಸಿ, ಸೀರೆ ಸುತ್ತಿಕೊಂಡು, ಆಮೇಲೆ ಏಳುವುದು. ಒದ್ದೆ ನೆಲದ ಮೇಲೆ ಒಂದು ಹೆಜ್ಜೆಯೂ ಇಡಬೇಕಾಗಿಲ್ಲ! ಇದನ್ನು ಅವಳು ಅನ್ನ ಕಲಸುತ್ತಾ, ಬೆರಳಿನಿಂದ ಬಟ್ಟಲಿನ ಅಂಚಿನಲ್ಲಿ ತೋರಿಸುತ್ತಾ ಹೇಳಿದಳು. ನಾನು ಒಂದು ವಾರ ನಕ್ಷೆ ಬರೆದಿದ್ದೆ.

ಕಟ್ಟೆ ಕಟ್ಟಲು ಮೇಸ್ತ್ರಿ ಬಂದರು. ನನ್ನ ಹಳೆಯ ಅಳತೆಯನ್ನು ಅವರಿಗೆ ಹೇಳಹೋದೆ. ದೊಡ್ಡಮ್ಮ ಕೋಲಿನಿಂದ ನನ್ನ ಕಾಲಿಗೆ ತಟ್ಟಿದಳು. ‘ಯಾರ ಮಂಡಿಯ ಅಳತೆ ಅದು?’ ‘ನನ್ನದು.’ ‘ಮೀಯುವವರು ಯಾರು?’ ಮೇಸ್ತ್ರಿ ಅವಳನ್ನು ನಿಲ್ಲಿಸಿ, ಅವಳ ಮಂಡಿಯಿಂದ ನಾಲ್ಕು ಬೆರಳು ಮೇಲಕ್ಕೆ ಅಳೆದುಕೊಂಡರು. ಅಷ್ಟು ಎತ್ತರವಾದರೆ ಮಡಚದ ಕಾಲನ್ನು ಮುಂದೆ ನೀಡಿಯೂ ಕೂರಬಹುದು, ಏಳುವಾಗ ಹೆಚ್ಚು ತ್ರಾಣವೂ ಬೇಡ.

ನೆಲದ ವಿಷಯ ಬಗೆಹರಿಸಿದ್ದು ಐಸಮ್ಮ. ಐಸಮ್ಮ ಪೇಟೆಯಲ್ಲಿ ಕಾಳುಮೆಣಸಿನ ವ್ಯಾಪಾರ ಮಾಡುವ ಮೂಸಾಕನ ಹೆಂಡತಿ. ಅವರ ನಾಲ್ಕು ಮಕ್ಕಳನ್ನೂ ಮೀಯಿಸಿದವಳು ದೊಡ್ಡಮ್ಮ, ಆ ಸಲುಗೆ ಇಬ್ಬರಿಗೂ. ಕಟ್ಟೆಯ ಕೆಲಸ ನೋಡಲು ಬಂದ ಐಸಮ್ಮ ಒಳಗೆ ಒಂದು ಕಾಲಿಟ್ಟು ಹಿಂದೆ ತೆಗೆದಳು. ‘ಪೂವಕ್ಕ, ಕಟ್ಟೆ ಆಯ್ತು, ಆದರೆ ಈ ಕಲ್ಲು? ಕಾಲು ಇಡದಿದ್ದರೂ ತಾಗ್ತದಲ್ಲ. ನಮ್ಮವರು ಕೊಯಿಲದ ದನದ ಫಾರಮ್ಮಿಗೆ ಹೋಗಿದ್ದರಂತೆ. ಅಲ್ಲಿ ಹಟ್ಟಿಯ ನೆಲಕ್ಕೆ ಗೀಟು ಗೀಟು ಹಾಕಿದ್ದಾರಂತೆ, ದನ ಜಾರಬಾರದು ಅಂತ.’

ದೊಡ್ಡಮ್ಮ ಕಣ್ಣರಳಿಸಿದಳು. ‘ದನಗಳಿಗೆ ಅಷ್ಟು ಮರ್ಯಾದೆ ಉಂಟಾ? ಹಾಗಾದರೆ ನಮಗೂ ಆಗ್ಲಿ.’ ಹಿಟ್ಟು, ಮಸಾಲೆ ಕಡೆಯುವ ಕಲ್ಲು ನುಣುಪಾದರೆ ಅದನ್ನು ಉಳಿಯಿಂದ ಕುಟ್ಟಿ ಒರಟು ಮಾಡಿಕೊಡುವವರು ಮನೆ ಮನೆಗೆ ಬರುತ್ತಿದ್ದ ಕಾಲ ಅದು. ಅಂಥ ಒಬ್ಬನನ್ನು ಕರೆಸಿ, ನಮ್ಮ ಬಚ್ಚಲಿನ ಚಪ್ಪಡಿಯನ್ನೇ ಕುಟ್ಟಿಸಿದೆವು. ಅವನು, ‘ಅಮ್ಮ, ಇದರಲ್ಲಿ ಎಂತ ಕಡೆಯುದು?’ ಎಂದು ಎರಡು ಸಲ ಕೇಳಿದ.

ಉಳಿದದ್ದೆಲ್ಲ ಸಣ್ಣ ಸಣ್ಣ ಸಂಗತಿಗಳು, ಆದರೆ ನನಗೆ ಹೊಳೆಯದೆ ಇದ್ದವುಗಳು. ಬಾಲ್ದಿಗೆ ಬಗ್ಗಬಾರದೆಂದು ಅದನ್ನು ಇಡಲು ಅಷ್ಟೇ ಎತ್ತರದ ಇನ್ನೊಂದು ಸಣ್ಣ ಕಟ್ಟೆ. ಹಂಡೆಯ ಹತ್ತಿರ ಅವಳು ಹೋಗುವ ಹಾಗೇ ಇಲ್ಲ. ದೇವಕಿ ಮೊದಲೇ ಬಿಸಿ ತಣ್ಣೀರು ಬೆರೆಸಿ, ದೊಡ್ಡಮ್ಮ ಮೊಣಕೈ ಅದ್ದಿ ಹೂಂ ಎಂದ ಮೇಲೆಯೇ ಬಾಲ್ದಿ ಒಳಗೆ. ಬೆನ್ನಿಗೆ ನೀರು ಹಾಕಿಕೊಳ್ಳಲು ಉದ್ದ ಹಿಡಿಯ ತೆಂಗಿನ ಗೆರಟೆಯ ಸೌಟು. ಸಾಬೂನು ಕೈಯಿಂದ ಜಾರಿದರೆ ಹೆಕ್ಕಲು ಯಾರು ಬಗ್ಗುವುದು? ಅದಕ್ಕೆ ಸಾಬೂನನ್ನು ಒಂದು ತೆಳು ಬಟ್ಟೆಯ ಚೀಲದೊಳಗೆ ಹಾಕಿ, ದಾರ ಕಟ್ಟಿ, ಕೊರಳಿಗೆ ತೂಗಿಸಿಕೊಂಡಳು. ಬಾಗಿಲಿನ ಹೊರಗೆ, ಏಳುವ ಜಾಗದಲ್ಲಿ, ನೆಲದಿಂದ ಮಾಡಿನವರೆಗೆ ಒಂದು ಗಟ್ಟಿ ಕಂಬ. ಈ ಕಂಬವನ್ನು ನಿಲ್ಲಿಸಿದವನು ನಾನು. ಯಾರಾದರೂ ಕೇಳಿದರೆ ಇರಲಿ ಎಂದು ಹೇಳಿದೆ, ಅಷ್ಟೆ.

ಒಂದೇ ಪ್ರಶ್ನೆ ಉಳಿಯಿತು. ದೇವಕಿ ಒಳಗೆ ಇರಬಾರದು ಎಂದು ದೊಡ್ಡಮ್ಮ. ಒಬ್ಬಳನ್ನೇ ಬಿಡಬಾರದು ಎಂದು ಡಾಕ್ಟರು. ಇಬ್ಬರಿಗೂ ಆಗುವ ದಾರಿಯನ್ನೂ ದೊಡ್ಡಮ್ಮನೇ ಹುಡುಕಿದಳು. ‘ಕಟ್ಟೆ ಇದ್ದ ಮೇಲೆ ಬಾಗಿಲು ಹೇಗೂ ಮುಚ್ಚುದಿಲ್ಲ. ಒಂದು ಸೀರೆ ಅಡ್ಡ ಕಟ್ಟಿದರೆ ಸಾಕು. ನಾನು ಒಳಗೆ ಮಾತಾಡ್ತಾ ಇರ್ತೇನೆ. ಮಾತು ಕೇಳುವ ತನಕ ನೀವು ಬರ್ಬೇಡಿ. ಮಾತು ನಿಂತರೆ ಓಡಿ ಬನ್ನಿ.’

ಸಿಮೆಂಟು ಒಣಗಿದ ಮೇಲೆ ಒಂದು ಬೆಳಿಗ್ಗೆ ದೊಡ್ಡಮ್ಮ ಕಟ್ಟೆಯ ಮೇಲೆ ಕೂತಳು. ಸರಿದಳು. ಸೀರೆಯ ಮರೆಯ ಆಚೆ ಕಾಣದಾದಳು. ನಾನು ಅಂಗಳದಲ್ಲಿ, ದೇವಕಿ ಕಂಬದ ಹತ್ತಿರ, ಇಬ್ಬರೂ ಕಿವಿಗೊಟ್ಟು ನಿಂತೆವು. ಒಳಗಿನಿಂದ ಮಾತು ಕೇಳುತ್ತಿತ್ತು. ‘ಈಗ ಕೂತೆ. ಈಗ ಸೌಟು ತೆಗೆದೆ. ಈಗ ನೀರು ತೆಗೆದೆ.’ ಆಮೇಲೆ ನೀರು ಬಿದ್ದ ಸದ್ದು. ಆಮೇಲೆ ಮಾತಿಲ್ಲ. ದೇವಕಿ ಸೀರೆಗೆ ಕೈ ಹಾಕಿದಳು. ಅಷ್ಟರಲ್ಲಿ ಒಳಗಿನಿಂದ ಮೆಲ್ಲನೆಯ ಸ್ವರ: ‘ಬರ್ಬೇಡ ಮಗಾ. ಬೆನ್ನಿಗೆ ನೀರು ಬಿತ್ತು.’

ದೇವಕಿ ಅಲ್ಲಿಯೇ ಕಂಬ ಹಿಡಿದುಕೊಂಡು ಕಣ್ಣೊರೆಸಿಕೊಂಡಳು. ನಾನು ಬಾವಿಯ ಕಡೆಗೆ ಹೋಗಿ ಸುಮ್ಮನೆ ಒಂದು ಕೊಡಪಾನ ನೀರು ಸೇದಿದೆ. ಬೇಕಾಗಿರಲಿಲ್ಲ.

ಆ ದಿನದಿಂದ ದೊಡ್ಡಮ್ಮನ ಸ್ನಾನವೆಂದರೆ ಮುಕ್ಕಾಲು ಗಂಟೆಯ ಮಾತು. ಊರಿನ ಸಂಗತಿಗಳೆಲ್ಲ ಸೀರೆಯ ಮರೆಯಿಂದ ಹೊರಗೆ ಬರುತ್ತಿದ್ದವು. ಯಾರ ಹೆರಿಗೆಯಲ್ಲಿ ಯಾರು ಎಷ್ಟು ಕೂಗಿದರು, ಯಾವ ಗಂಡ ಎಲ್ಲಿ ಅಡಗಿದ, ಎಲ್ಲವೂ. ಒಂದು ಬೆಳಿಗ್ಗೆ ನಮ್ಮ ಹೆಡ್ಮಾಷ್ಟ್ರು ಯಾವುದೋ ಕಾಗದಕ್ಕೆ ಸಹಿ ಹಾಕಿಸಲು ಮನೆಗೆ ಬಂದು ಜಗಲಿಯಲ್ಲಿ ಕೂತಿದ್ದರು. ಬಚ್ಚಲಿನಿಂದ ಸ್ವರ ಸ್ಪಷ್ಟವಾಗಿ ಕೇಳುತ್ತಿತ್ತು: ‘ಆ ಹೆಡ್ಮಾಷ್ಟ್ರು ಉಂಟಲ್ಲ ದೇವಕಿ, ಮೊದಲನೇ ಮಗುವನ್ನು ಕೈಗೆ ಕೊಟ್ಟರೆ, ಮುಟ್ಟಲಿಕ್ಕೆ ಹೆದರಿ, ಒಂದು ಬಾಳೆಲೆ ತನ್ನಿ ಅಂದ್ರು. ಮಗುವಾ, ಪತ್ರೊಡೆಯಾ?’ ನಾನು ತಡೆಯಲಾರದೆ, ‘ದೊಡ್ಡಮ್ಮಾ, ಹೆಡ್ಮಾಷ್ಟ್ರು ಬಂದಿದ್ದಾರೆ!’ ಎಂದು ಕೂಗಿದೆ. ಒಳಗೆ ಮಾತು ನಿಂತಿತು. ಮಾತು ನಿಂತದ್ದೇ ತಡ, ಹಿತ್ತಿಲಿನಲ್ಲಿ ಬಸಳೆ ಕೊಯ್ಯುತ್ತಿದ್ದ ದೇವಕಿ ಕತ್ತಿಯನ್ನೂ ಬಿಡದೆ, ‘ಅಯ್ಯೋ ಅತ್ತೆ!’ ಎಂದು ಓಡಿದಳು. ಕತ್ತಿ ಹಿಡಿದು ಓಡುವವಳನ್ನು ಕಂಡು ಹೆಡ್ಮಾಷ್ಟ್ರು ಎದ್ದು ನಿಂತರು. ಒಳಗೆ ದೊಡ್ಡಮ್ಮ ನಾಚಿಕೆಯಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು, ಅಷ್ಟೆ. ಹೆಡ್ಮಾಷ್ಟ್ರು ದೊಡ್ಡ ಮನಸ್ಸಿನವರು. ‘ಬಾಳೆಲೆ ಕೇಳಿದ್ದು ಹೌದು’ ಎಂದು ಒಪ್ಪಿಕೊಂಡು, ಸಹಿ ಹಾಕಿಸಿಕೊಂಡು ಹೋದರು.

ಮಳೆಗಾಲ ಮುಗಿಯುವಾಗ ಐಸಮ್ಮನ ಮಗಳು ಹೆರಿಗೆಗೆ ತವರಿಗೆ ಬಂದಳು. ಮಗು ಹುಟ್ಟಿದ ಎರಡನೆಯ ದಿನ ಐಸಮ್ಮ ಮಗುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನಮ್ಮಲ್ಲಿಗೇ ಬಂದಳು. ‘ಪೂವಕ್ಕ, ನಿಮಗೆ ಬರಲಿಕ್ಕೆ ಆಗುದಿಲ್ಲ ಅಂತ ಈ ಪುಟ್ಟಿಯನ್ನೇ ಕರ್ಕೊಂಡು ಬಂದೆ. ಬೇರೆ ಯಾರೂ ನನಗೆ ಸರಿಯಾಗುದಿಲ್ಲ.’ ಈ ಸಲ ದೊಡ್ಡಮ್ಮ ಮುಖ ತಿರುಗಿಸಲಿಲ್ಲ. ಕಟ್ಟೆಯ ಮೇಲೆ ಕೂತಳು. ಮುಂದೆ ನನ್ನ ಹಳೆಯ ಸ್ಟೂಲೊಂದನ್ನು ಇಡಿಸಿ, ಮಡಚದ ಬಲಗಾಲನ್ನು ಅದರ ಮೇಲೆ ನೀಡಿ, ಎಡಗಾಲನ್ನು ಪಕ್ಕಕ್ಕೆ ಸೇರಿಸಿದಳು. ಮಗುವನ್ನು ಆ ಕಾಲುಗಳ ಮೇಲೆ ಮಲಗಿಸಿಕೊಂಡಳು. ‘ನೋಡು, ಇದು ಮಡಚುದಿಲ್ಲ, ಅಲುಗುದೂ ಇಲ್ಲ. ಇದಕ್ಕಿಂತ ಒಳ್ಳೆಯ ಕಾಲು ಮಗುವಿಗೆ ಯಾರು ಕೊಡ್ತಾರೆ?’ ಎಂದು ಐಸಮ್ಮನಿಗೆ ಹೇಳಿದಳು. ಎರಡನೇ ಚೆಂಬಿಗೆ ಮಗು ಅಳು ನಿಲ್ಲಿಸಿತು.

ಸುದ್ದಿ ಹರಡಿದ್ದು ಮೂಸಾಕನಿಂದ. ಮೆಣಸು ಕೊಳ್ಳಲು ಹೋದ ಮನೆಗಳಲ್ಲೆಲ್ಲ ಕಟ್ಟೆಯ ಕತೆ ಹೇಳಿದರು. ಆದರೆ ಅವರ ಬಾಯಲ್ಲಿ ಅದು ‘ಸವಣೂರು ಮಾಷ್ಟ್ರ ಕಟ್ಟೆ’ ಆಗಿಬಿಟ್ಟಿತು. ನಾನು ತಿದ್ದಬೇಕಿತ್ತು. ತಿದ್ದಲಿಲ್ಲ. ಎರಡು ಮೂರು ಸಲ ‘ಏನೋ, ಆದಷ್ಟು ಮಾಡಿದ್ದೇನೆ’ ಎಂದೂ ಹೇಳಿರಬಹುದು. ಕೊನೆಗೆ ಇಚಿಲಂಪಾಡಿಯಿಂದ ಒಬ್ಬರು ಹುಡುಕಿಕೊಂಡು ಬಂದರು. ಬೇಸಾಯದ ಮನೆಯವರು, ಹೆಸರು ದುಗ್ಗಪ್ಪ. ಅವರ ತಂದೆಗೆ ಲಕ್ವ ಬಡಿದು ಬಲಭಾಗ ಬಿದ್ದುಹೋಗಿತ್ತು. ‘ಮೀಯಿಸಲಿಕ್ಕೆ ಹೋದರೆ ಚೆಂಬು ಬಿಸಾಡ್ತಾರೆ ಮಾಷ್ಟ್ರೆ. ಒಂದು ತಿಂಗಳಾಯ್ತು. ನಗುದಿಲ್ಲ, ಮಾತಿಲ್ಲ, ಬೈಗುಳ ಮಾತ್ರ. ನೀವೊಮ್ಮೆ ಬಂದು ಆ ಕಟ್ಟೆ ಮಾಡಿಸಿ ಕೊಡಬೇಕು.’

ನಾನು ದೊಡ್ಡಮ್ಮನ ಮುಖ ನೋಡಿದೆ. ‘ಹೋಗು ಮಾಷ್ಟ್ರೇ’ ಎಂದಳು ಅವಳು. ಹುಟ್ಟಿದ ಮೇಲೆ ಅವಳು ನನ್ನನ್ನು ಮಾಷ್ಟ್ರೇ ಎಂದು ಕರೆದದ್ದು ಅದೊಂದೇ ಸಲ. ಆಮೇಲೆ ನನ್ನನ್ನು ಎದುರಿಗೆ ಕೂರಿಸಿ ಎಲ್ಲವನ್ನೂ ಬಾಯಿಪಾಠ ಮಾಡಿಸಿದಳು. ಬಲಭಾಗ ಇಲ್ಲದವರಿಗೆ ಕಂಬ ಎಡಗಡೆ. ಸೌಟು ಎಡಗೈಗೆ. ಮಂಡಿಯ ಅಳತೆ ಅವರದ್ದು.

ಬಸ್ಸು, ದೋಣಿ, ನಡಿಗೆ ಮೂರೂ ಆದ ಮೇಲೆ ಇಚಿಲಂಪಾಡಿ ಮುಟ್ಟಿದೆ. ಅಲ್ಲಿಯೂ ಮೇಸ್ತ್ರಿ ಬಂದರು, ಕಟ್ಟೆ ಎದ್ದಿತು. ಅದು ಒಣಗಿದ ಮೇಲೆ ಇನ್ನೊಂದು ರಜೆಯಲ್ಲಿ ಮೊದಲ ಸ್ನಾನಕ್ಕೆಂದು ನಾನು ಮತ್ತೆ ಹೋದೆ. ನೀರು ಕಾದಿತ್ತು. ಮನೆಯವರೆಲ್ಲ ಸೇರಿದ್ದರು, ನೆರೆಮನೆಯವರೂ ಬಂದಿದ್ದರು. ಮುದುಕರು ಆರಾಮಕುರ್ಚಿಯಿಂದ ನನ್ನನ್ನು ಒಂದು ಕಣ್ಣಿನಲ್ಲಿ ನೋಡಿ, ವಾಲಿದ ಬಾಯಿಯಿಂದ ಸ್ಪಷ್ಟವಾಗಿಯೇ ಹೇಳಿದರು:

‘ಮೊದಲು ಮಾಷ್ಟ್ರು ಮಿಂದು ತೋರಿಸ್ಲಿ.’

‘ನಾನು ಬೆಳಿಗ್ಗೆಯೇ ಮಿಂದಿದ್ದೇನೆ’ ಎಂದೆ.

‘ಹಾಗಾದರೆ ನಾನೂ ಹೋದ ವರ್ಷ ಮಿಂದಿದ್ದೇನೆ’ ಎಂದರು ಮುದುಕರು.

ಬೇರೆ ದಾರಿ ಇರಲಿಲ್ಲ. ಅಂಗಿ ಕಳಚಿ, ಪಂಚೆ ಎತ್ತಿ ಕಟ್ಟಿ, ಕಟ್ಟೆಯ ಮೇಲೆ ಕೂತೆ. ಮುದುಕರು ನೋಡಬೇಕೆಂದು ಮರೆಯ ಬಟ್ಟೆಯನ್ನು ತೆಗೆದರು. ಅವರ ಜೊತೆಗೆ ಉಳಿದವರೂ ನೋಡಿದರು. ಬಲಗಾಲನ್ನು ಸೊಟ್ಟ ಮಾಡಿಕೊಂಡು, ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಒಳಗೆ ಸರಿದೆ. ಅಲ್ಲಿಯವರೆಗೆ ಆ ಕಟ್ಟೆಯ ಬಗ್ಗೆ ನೂರು ಸಲ ಮಾತನಾಡಿದ್ದೆ, ಒಮ್ಮೆಯೂ ಅದರ ಮೇಲೆ ಸರಿದು ನೋಡಿರಲಿಲ್ಲ. ಒಂದೇ ಕೈಯಲ್ಲಿ ಸೌಟು ಹಿಡಿದು ಬೆನ್ನಿಗೆ ನೀರು ಮುಟ್ಟಿಸುವುದು ಎಂದರೆ ಏನೆಂದು ಆಗ ಗೊತ್ತಾಯಿತು. ಮೊದಲ ಸೌಟು ಗೋಡೆಗೆ ಹೋಯಿತು. ಎರಡನೆಯದು ಮೂಗಿಗೆ. ಮೂರನೆಯದಕ್ಕೆ ತಡೆಯಲಾರದೆ ಬಲಗೈ ಎತ್ತಿ ಮುಖ ಒರೆಸಿಕೊಂಡೆ.

‘ಏಯ್! ಆ ಕೈ ನಿಮಗಿಲ್ಲ!’ ಮುದುಕರು ಗುಡುಗಿದರು.

ನಾನು ಬೆಚ್ಚಿಬಿದ್ದು ಕೈಯನ್ನು ಮಡಿಲಿಗೆ ಹಾಕಿಕೊಂಡೆ. ಸಾಬೂನಿನ ಚೀಲವನ್ನು ಎಡಗೈಯಲ್ಲಿ ಉಜ್ಜಿಕೊಂಡೆ. ಅದು ಕಣ್ಣಿಗೆ ಹೋಯಿತು. ಕಣ್ಣು ಕಾಣದೆ ಬಾಲ್ದಿಗೆಂದು ಸೌಟು ಹಾಕಿದರೆ ಅದು ಬಾಲ್ದಿಯ ಹೊರಗೆ ತಡಕಾಡಿತು. ‘ಎಡಕ್ಕೆ, ಎಡಕ್ಕೆ, ಇನ್ನೂ ಸ್ವಲ್ಪ ಎಡಕ್ಕೆ’ ಎಂದು ನೆರೆಮನೆಯವರು ದಾರಿ ಹೇಳಿದರು. ಆಗ ಒಂದು ವಿಚಿತ್ರ ಸದ್ದು ಕೇಳಿಸಿತು. ಮೊದಲು ಕೆಮ್ಮು ಎಂದುಕೊಂಡೆ. ಕಣ್ಣು ಬಿಟ್ಟು ನೋಡಿದರೆ ಮುದುಕರು ನಗುತ್ತಿದ್ದರು. ಅರ್ಧ ಮುಖ ಮಾತ್ರ ನಗುತ್ತಿತ್ತು, ಆದರೆ ಇಡೀ ಹೊಟ್ಟೆ ಕುಲುಕುತ್ತಿತ್ತು. ದುಗ್ಗಪ್ಪ ತಂದೆಯನ್ನು ನೋಡುತ್ತಾ ನಿಂತಲ್ಲೇ ನಿಂತುಬಿಟ್ಟರು.

‘ಸಾಕು, ಸಾಕು’ ಎಂದರು ಮುದುಕರು, ಕಣ್ಣೊರೆಸಿಕೊಳ್ಳುತ್ತಾ. ‘ಇವರಿಗಿಂತ ನಾನೇ ಒಳ್ಳೇದು ಮಾಡ್ತೇನೆ. ಏಳಿ ಮಾರಾಯ್ರೆ, ನೀರು ತಣಿತದೆ.’ ಎಲ್ಲರನ್ನೂ ಹೊರಗೆ ಕಳಿಸಿ, ಮರೆಯ ಬಟ್ಟೆ ಕಟ್ಟಿಸಿ, ಮಗನನ್ನು ಕಂಬದ ಹತ್ತಿರ ನಿಲ್ಲಿಸಿಕೊಂಡು ಒಳಗೆ ಸರಿದರು. ಬಹಳ ಹೊತ್ತು ನೀರಿನ ಸದ್ದು ಕೇಳುತ್ತಿತ್ತು. ನಡುನಡುವೆ ಬೈಗುಳವೂ ಕೇಳುತ್ತಿತ್ತು. ಅವರಿಗೂ ಮಾತನಾಡುತ್ತಾ ಇರಬೇಕೆಂದು ನಾನೇ ಹೇಳಿದ್ದೆನಲ್ಲ.

ಅವರ ಮನೆಯ ಪಂಚೆ ಉಟ್ಟು, ನನ್ನ ಒದ್ದೆ ಬಟ್ಟೆಯ ಗಂಟು ಹಿಡಿದು ನಾನು ಸವಣೂರಿಗೆ ಬರುವಾಗ ಸಂಜೆಯಾಗಿತ್ತು. ದಾರಿಯುದ್ದಕ್ಕೂ ನಾನು ದೊಡ್ಡಮ್ಮನನ್ನೇ ನೆನೆಯುತ್ತಿದ್ದೆ. ನಾನು ಆಟಕ್ಕೆ ಕಾಲು ಗಂಟೆ ಮಾಡಲಾರದ್ದನ್ನು ಆ ಹೆಂಗಸು ಪ್ರತಿ ದಿನ, ಊರಿನ ಸುದ್ದಿ ಹೇಳುತ್ತಾ ಮಾಡಿ ಮುಗಿಸುತ್ತಾಳಲ್ಲ ಎಂದು. ಮನೆಗೆ ಹೋದ ಕೂಡಲೇ ಹಾಗೆಯೇ ಹೇಳಬೇಕು, ಕಟ್ಟೆ ಯಾರದ್ದೆಂದು ಊರಿಗೂ ಹೇಳಬೇಕು ಎಂದು ಮಾತುಗಳನ್ನು ಜೋಡಿಸಿಕೊಂಡೇ ಬಂದೆ. ದೊಡ್ಡಮ್ಮ ಜಗಲಿಯಲ್ಲಿ ಕಾಲು ನೀಡಿಕೊಂಡು ಕೂತಿದ್ದಳು.

‘ಎಂತ ಆಯ್ತು?’

‘ಮಿಂದರು ದೊಡ್ಡಮ್ಮ.’

ಅವಳು ನನ್ನ ಕೂದಲನ್ನು, ಬೇರೆಯವರ ಪಂಚೆಯನ್ನು, ಕೈಯಲ್ಲಿದ್ದ ಗಂಟನ್ನು ಒಂದೊಂದಾಗಿ ನೋಡಿದಳು.

‘ಯಾರು? ಅವರಾ, ನೀನಾ?’

‘ಇಬ್ಬರೂ.’

ಜೋಡಿಸಿಕೊಂಡು ಬಂದ ಮಾತುಗಳನ್ನು ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಕೇಳಿದಳು: ‘ಕಿವಿಯ ಹಿಂದೆ ತೊಳೆದಿಯಾ?’

ಮೂವತ್ತೆಂಟು ವರ್ಷದ ಕೈಕೆಲಸದ ಮಾಷ್ಟ್ರು ನಾನು, ಕೈ ಹಾಕಿ ನೋಡಿಕೊಂಡೆ. ಸಾಬೂನು ಅಲ್ಲಿಯೇ ಒಣಗಿ ಕೂತಿತ್ತು.